ಮಹಾಕೂಟದ ದಾರಿಯಲ್ಲಿ ಪಿಕಪ್ಪಿನ ಲೆಕ್ಕ

ಸಣ್ಣ ಹ್ಯಾಚ್‌ಬ್ಯಾಕ್ ಕಾರು ಕೊಳ್ಳುವವರು ಎರಡು ಪ್ರಶ್ನೆ ಕೇಳುತ್ತಾರೆ: ಮೈಲೇಜ್ ಎಷ್ಟು, ಪಿಕಪ್ ಹೇಗಿದೆ? ಎರಡನೆಯ ಪ್ರಶ್ನೆಗೆ ಕಂಪನಿಗಳು ಕೊಡುವ ಉತ್ತರ ಒಂದು ಅಂಕಿ, ಅಂದರೆ ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಹಿಡಿಯುವ ಸೆಕೆಂಡು. 2013ರಲ್ಲಿ ಪೋಲೊ ಜಿಟಿ ಟಿಎಸ್‌ಐ ಬಂದಾಗ ಫೋಕ್ಸ್‌ವ್ಯಾಗನ್ ಕಂಪನಿ 9.7 ಸೆಕೆಂಡು ಎಂದಿತು. 2015ರಲ್ಲಿ 145 ಅಶ್ವಶಕ್ತಿಯ ಅಬಾರ್ತ್ ಪುಂಟೊ ತಂದ ಫಿಯಟ್ 8.8 ಎಂದಿತು. ಟರ್ಬೊ ಇಲ್ಲದ 1.2 ಲೀಟರಿನ ಸ್ವಿಫ್ಟ್‌ನಂಥ ಕಾರುಗಳದು ಹನ್ನೆರಡು ಸೆಕೆಂಡಿನ ಆಚೀಚೆ.

ಬಾದಾಮಿಯಿಂದ ಮಹಾಕೂಟ, ಪಟ್ಟದಕಲ್ಲು, ಐಹೊಳೆಗಳ ಕಡೆಗೆ ಹೋಗುವ ದಾರಿಗಳಲ್ಲಿ ಈ ಅಂಕಿಗೆ ಬೆಲೆ ಕಡಿಮೆ. ಅಲ್ಲಿ ನಿಂತಲ್ಲಿಂದ ನೂರು ಮುಟ್ಟುವ ಸಂದರ್ಭವೇ ಬರುವುದಿಲ್ಲ. ಬರುವುದು ಬೇರೆ ಸಂದರ್ಭ: ಮುಂದೆ ಜೋಡಿ ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರ್, ಕಾರಿನಲ್ಲಿ ಐದು ಮಂದಿ, ಡಿಕ್ಕಿಯಲ್ಲಿ ಬುತ್ತಿ ಮತ್ತು ಮಹಾಕೂಟದ ಪುಷ್ಕರಣಿಯಲ್ಲಿ ಮಿಂದ ಮೇಲೆ ಉಡುವ ಬಟ್ಟೆಗಳ ಚೀಲ, ದಾಟಲು ಎದುರು ಬರುವವರ ಪಥವೊಂದೇ ಜಾಗ. ಕಬ್ಬು ನುರಿಸುವ ಹಂಗಾಮಿನ ನಟ್ಟನಡುವೆ, ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಯೂ ಬರುವುದರಿಂದ ಜನವರಿಯಲ್ಲಂತೂ ಇದು ದಿನದ ಮಾತು. ಈ ಭಾಗದ ಕಾರಿಗೆ ನಿಜವಾದ ಪರೀಕ್ಷೆ ಆ ಓವರ್‌ಟೇಕ್. ಅದನ್ನೇ ಅಳತೆಗೋಲಾಗಿ ಹಿಡಿದು, ಗ್ಯಾರೇಜಿನವರು ಮಾರುವ ‘ಪರ್ಫಾರ್ಮೆನ್ಸ್’ ಸುಧಾರಣೆಗಳನ್ನು ಒಂದೊಂದಾಗಿ ಅಳೆದು ನೋಡಬಹುದು.

ನಲವತ್ತೈದು ಮೀಟರಿನ ಸಾಲ

ಟ್ರ್ಯಾಕ್ಟರ್ ಗಂಟೆಗೆ 25 ಕಿ.ಮೀ. ವೇಗದಲ್ಲಿ ಸಾಗುತ್ತಿದೆ, ಟ್ರೇಲರ್ ಸೇರಿ ಅದರ ಉದ್ದ 15 ಮೀಟರ್ ಎಂದಿಟ್ಟುಕೊಳ್ಳೋಣ. ಅದರ ಹಿಂದೆ ಅದೇ ವೇಗದಲ್ಲಿ, 10 ಮೀಟರ್ ಅಂತರದಲ್ಲಿ ನಮ್ಮ ಕಾರು. ದಾಟಿದ ಮೇಲೆ 15 ಮೀಟರ್ ಬಿಟ್ಟು ಎಡಕ್ಕೆ ಮರಳಬೇಕು. ಕಾರಿನದೇ ಉದ್ದ 4 ಮೀಟರ್ ಕೂಡಿಸಿದರೆ, ಟ್ರ್ಯಾಕ್ಟರಿಗಿಂತ ನಾವು ಸುಮಾರು 45 ಮೀಟರ್ ಹೆಚ್ಚು ಓಡಬೇಕು.

920 ಕಿಲೋ ತೂಕದ ಕಾರಿಗೆ ಐದು ಮಂದಿ ಮತ್ತು ಚೀಲಗಳು ಸೇರಿ 1,300 ಕಿಲೋ ಆಯಿತು. 80 ಅಶ್ವಶಕ್ತಿಯ ಆಸುಪಾಸಿನ ಪೆಟ್ರೋಲ್ ಎಂಜಿನ್ ಇಂಥ ತೂಕವನ್ನು ಎರಡನೇ ಗೇರಿನಲ್ಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ, ಪ್ರತಿ ಸೆಕೆಂಡಿಗೂ ಅದರ ವೇಗ ಸೆಕೆಂಡಿಗೆ ಸುಮಾರು 2 ಮೀಟರ್‌ನಷ್ಟು ಏರುವಂತೆ ತಳ್ಳಬಲ್ಲದು. ಲೆಕ್ಕ ಹಾಕಿದರೆ ಓವರ್‌ಟೇಕಿಗೆ 6.7 ಸೆಕೆಂಡು ಬೇಕು. ಮುಗಿಯುವ ಹೊತ್ತಿಗೆ ಕಾರಿನ ವೇಗ 73 ಕಿ.ಮೀ., ಕ್ರಮಿಸಿದ ರಸ್ತೆ 90 ಮೀಟರಿಗೆ ತುಸು ಹೆಚ್ಚು. ಅಷ್ಟರಲ್ಲಿ ಎದುರಿನಿಂದ 80ರಲ್ಲಿ ಬರುವ ಬಸ್ಸು ಸುಮಾರು 150 ಮೀಟರ್ ಹತ್ತಿರ ಬಂದಿರುತ್ತದೆ. ಹೊರಡುವಾಗ ಕನಿಷ್ಠ 240 ಮೀಟರ್ ರಸ್ತೆ ಖಾಲಿ ಇರಬೇಕೆಂದಾಯಿತು.

ಇದೇ ಓವರ್‌ಟೇಕನ್ನು ಮೂರನೇ ಗೇರಿನಲ್ಲಿ ಮಾಡಿ ನೋಡಿ. ಚಕ್ರಕ್ಕೆ ತಲುಪುವ ಬಲ ಎರಡನೇ ಗೇರಿಗಿಂತ ಮೂರರಲ್ಲಿ ಒಂದು ಪಾಲು ಕಡಿಮೆ. ಎಂಜಿನ್ ಕೂಡ ನಿಧಾನವಾಗಿ ತಿರುಗುತ್ತಿರುವುದರಿಂದ ಅದರ ಟಾರ್ಕ್, ಅಂದರೆ ತಿರುಗಿಸುವ ಬಲ, ಇನ್ನೂ ಪೂರ್ತಿ ಎದ್ದಿರುವುದಿಲ್ಲ. ಸಮಯ 9 ಸೆಕೆಂಡಿಗೆ ಏರುತ್ತದೆ, ಬೇಕಾದ ಖಾಲಿ ರಸ್ತೆ 310 ಮೀಟರಿಗೆ. ಗೇರ್ ಇಳಿಸುವ ಸೋಮಾರಿತನದ ಬೆಲೆ 70 ಮೀಟರ್.

ಗೇರು ಏಕೆ ಇಷ್ಟು ಮುಖ್ಯ ಎಂಬುದನ್ನು ಈ ಸೀಮೆಯ ತೆರಬಂಡಿ ಸ್ಪರ್ಧೆ ಚೆನ್ನಾಗಿ ತೋರಿಸುತ್ತದೆ. ಭಾರದ ಬಂಡಿಯನ್ನು ಅಲುಗಿಸಲು ಎತ್ತಿನ ಹೆಗಲಲ್ಲಿ ಬಲ ಬೇಕು. ಆದರೆ ಗೆಲ್ಲುವುದು ಅಲುಗಿಸಿದ ಜೋಡಿಯಲ್ಲ, ನಿಗದಿತ ಸಮಯದಲ್ಲಿ ಹೆಚ್ಚು ದೂರ ಎಳೆದ ಜೋಡಿ. ಹೆಗಲ ಬಲ ಎಂದರೆ ಟಾರ್ಕ್. ಆ ಬಲವನ್ನು ಎಷ್ಟು ಬೇಗಬೇಗ ಕೆಲಸಕ್ಕೆ ಹಚ್ಚಲಾಯಿತು ಎಂಬುದು ಶಕ್ತಿ, ಅಂದರೆ ಅಶ್ವಶಕ್ತಿ. 75 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತಿದರೆ ಒಂದು ಮೆಟ್ರಿಕ್ ಅಶ್ವಶಕ್ತಿ, ಸುಮಾರು 735 ವ್ಯಾಟ್. ತೀರ ಕೆಳಗಿನ ಸುತ್ತುಗಳನ್ನು ಬಿಟ್ಟರೆ ಪೆಟ್ರೋಲ್ ಎಂಜಿನ್ನಿನ ಟಾರ್ಕ್ ಸುತ್ತಿನಿಂದ ಸುತ್ತಿಗೆ ಹೆಚ್ಚು ಬದಲಾಗುವುದಿಲ್ಲ, ಶಕ್ತಿ ಮಾತ್ರ ಸುತ್ತು ಹೆಚ್ಚಿದಂತೆ ಏರುತ್ತದೆ. ಎಂಜಿನ್ನನ್ನು ಆ ಎತ್ತರದ ಸುತ್ತಿಗೆ ಕೊಂಡೊಯ್ಯುವ ಮೆಟ್ಟಿಲೇ ಕೆಳಗಿನ ಗೇರು.

ಇಂಥ ಕಾರಿನ ಜಾಹೀರಾತಿನಲ್ಲಿ ಕಾಣುವ 82 ಅಶ್ವಶಕ್ತಿ ಎಂದರೆ 60 ಕಿಲೋವ್ಯಾಟ್. ಸೊನ್ನೆಯಿಂದ ನೂರರ ಪರೀಕ್ಷೆಯಲ್ಲಿ ಆ ಕಾರು ನೂರರ ವೇಗ ಮುಟ್ಟಿದಾಗ ಅದರಲ್ಲಿರುವ ಚಲನಶಕ್ತಿ ಸುಮಾರು 4 ಲಕ್ಷ ಜೂಲ್. ಭಾಗಿಸಿ ನೋಡಿದರೆ 7 ಸೆಕೆಂಡು ಸಾಕಾಗಬೇಕಿತ್ತು. ಹನ್ನೆರಡು ಹಿಡಿಯುವುದೇಕೆ? ಪೂರ್ತಿ ಶಕ್ತಿ ಸಿಗುವುದು ನಿಮಿಷಕ್ಕೆ 5,500–6,000 ಸುತ್ತಿನ ತುದಿಯಲ್ಲಿ ಮಾತ್ರ. ಪ್ರತಿ ಗೇರೂ ಕೆಳಗಿನಿಂದ ಹತ್ತಬೇಕು. ಗೇರು ಬದಲಿಸುವಾಗ ಕ್ಲಚ್ ಒತ್ತಿದ ಕ್ಷಣ ಚಕ್ರಕ್ಕೆ ಏನೂ ತಲುಪುವುದಿಲ್ಲ. ಗಾಳಿಯ ತಡೆ, ಟೈರಿನ ಉಜ್ಜಾಟ, ಗೇರ್‌ಬಾಕ್ಸಿನ ನಷ್ಟ ಬೇರೆ. ನಮ್ಮ 6.7 ಸೆಕೆಂಡಿನ ಓವರ್‌ಟೇಕಿನಲ್ಲಿಯೂ ಕಾರಿನ ವೇಗಕ್ಕೆ ಸಂದ ಶಕ್ತಿ ಸರಾಸರಿ 35 ಕಿಲೋವ್ಯಾಟ್ ಅಷ್ಟೆ. ನಮ್ಮ ಕಾರು ಪತ್ರಿಕೆಗಳು ಸೊನ್ನೆಯಿಂದ ನೂರರ ಜೊತೆಗೆ ಮೂರನೇ ಗೇರಿನಲ್ಲಿ 20ರಿಂದ 80, ನಾಲ್ಕನೆಯದರಲ್ಲಿ 40ರಿಂದ 100 ಎಂಬ ಎರಡು ಅಳತೆಗಳನ್ನು ಕೊಡುವುದು ಇದಕ್ಕೇ. ಕೊಳ್ಳುವವರು ಮೊದಲು ಓದಬೇಕಾದ್ದು ಆ ಎರಡನ್ನು.

ಬಿಸಿಲು ಕದಿಯುವ ಶಕ್ತಿ

1.2 ಲೀಟರ್ ಎಂಜಿನ್ 5,000 ಸುತ್ತಿನಲ್ಲಿ ಸೆಕೆಂಡಿಗೆ 50 ಲೀಟರಿನಷ್ಟು ಗಾಳಿ ಎಳೆದುಕೊಳ್ಳುತ್ತದೆ. ಪೆಟ್ರೋಲ್ ಎಷ್ಟು ಉರಿಯಬೇಕೆಂದು ತೀರ್ಮಾನಿಸುವುದು ಆ ಗಾಳಿಯ ಗಾತ್ರವಲ್ಲ, ತೂಕ. ಸಮುದ್ರಮಟ್ಟದಲ್ಲಿ 15 ಡಿಗ್ರಿ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ 1.22 ಕಿಲೋ ತೂಗುತ್ತದೆ. ಬಾದಾಮಿ ಸಮುದ್ರಮಟ್ಟಕ್ಕಿಂತ ಐನೂರು ಮೀಟರಿಗೂ ಎತ್ತರದಲ್ಲಿದೆ. ಹಾಗಾಗಿ ಜನವರಿಯ ಚಳಿಯ ಬೆಳಗಿನಲ್ಲಿ ಇಲ್ಲಿಯ ಗಾಳಿ 1.15 ಕಿಲೋ, ಮೇ ತಿಂಗಳ 40 ಡಿಗ್ರಿಯ ಮಧ್ಯಾಹ್ನ 1.06 ಕಿಲೋ. ಚಳಿಗಾಲದ ಬೆಳಗಿಗೆ ಹೋಲಿಸಿದರೆ ಬೇಸಿಗೆಯ ಮಧ್ಯಾಹ್ನ ಎಂಜಿನ್ನಿಗೆ 8 ಪ್ರತಿಶತ ಕಡಿಮೆ ಗಾಳಿ. ಅದೇ ಓವರ್‌ಟೇಕ್ ಮೇ ತಿಂಗಳಲ್ಲಿ ಸುಮಾರು 0.3 ಸೆಕೆಂಡು ತಡ. ಮೇಲೆ ಎಸಿ ಕಂಪ್ರೆಸರ್ ತನ್ನ ಪಾಲು ಕೀಳುತ್ತದೆ.

ತೂಕವೂ ಇದೇ ಲೆಕ್ಕದಲ್ಲಿ ಬರುತ್ತದೆ. ಚಾಲಕ ಒಬ್ಬನೇ ಇದ್ದರೆ 6.7 ಸೆಕೆಂಡಿನ ಕೆಲಸ 5.9ಕ್ಕೆ ಮುಗಿಯುತ್ತಿತ್ತು. ಖಾಲಿ ಕಾರಿನಲ್ಲಿ ಪಳಗಿದ ಅಂದಾಜು ಮನೆಮಂದಿಯನ್ನೆಲ್ಲ ಕೂರಿಸಿಕೊಂಡ ದಿನ ಕೈಕೊಡುವುದು ಈ 0.8 ಸೆಕೆಂಡಿನಲ್ಲಿ.

ಗ್ಯಾರೇಜಿನ ಅಂಗಡಿ

ಈಗ ಸುಧಾರಣೆಗಳಿಗೆ ಬರೋಣ. ಅತಿ ಅಗ್ಗದ್ದು ಶಂಕುವಿನಾಕಾರದ ತೆರೆದ ಏರ್ ಫಿಲ್ಟರ್. ಗಾಳಿ ಸರಾಗವಾಗಿ ಹರಿಯುತ್ತದೆ ಎಂಬುದು ನಿಜ. ಆದರೆ ಅದು ಬಾನೆಟ್ಟಿನೊಳಗಿನ ಬಿಸಿ ಗಾಳಿಯನ್ನೇ ಎಳೆಯುವಂತೆ ಕೂತಿದ್ದರೆ ಲಾಭ ತಿರುಗುಮುರುಗು: ಒಳಗೆ 60 ಡಿಗ್ರಿ, ಹೊರಗೆ 40 ಇದ್ದರೆ 6 ಪ್ರತಿಶತ ಗಾಳಿ ಖೋತಾ. ಕಂಪನಿ ಕೊಟ್ಟ ಡಬ್ಬಿ ಹೊರಗಿನ ತಂಪು ಗಾಳಿ ತರುತ್ತದೆ, ಜೊತೆಗೆ ಧೂಳನ್ನೂ ಚೆನ್ನಾಗಿ ಸೋಸುತ್ತದೆ. ಕೆಂಪು ಧೂಳಿನ ಈ ನಾಡಿನಲ್ಲಿ ಸಿಲಿಂಡರಿನ ಗೋಡೆ ಸವೆಯದಿರಲು ಅದೇ ಕಾವಲು.

ದೊಡ್ಡ ಅಲಾಯ್ ಚಕ್ರಗಳು ನೋಟಕ್ಕೆ ವೇಗ, ಓಟಕ್ಕೆ ಭಾರ. ಚಕ್ರ ಮುಂದೆ ಹೋಗುವುದಲ್ಲದೆ ತಿರುಗಲೂ ಬೇಕು. ಅಂಚಿನಲ್ಲಿರುವ ಒಂದು ಕಿಲೋ ವೇಗ ಏರುವಾಗ ಹೆಚ್ಚುಕಡಿಮೆ ಎರಡು ಕಿಲೋದಂತೆ ವರ್ತಿಸುತ್ತದೆ. ಚಕ್ರಕ್ಕೆ 5 ಕಿಲೋ ಹೆಚ್ಚಾದರೆ ನಾಲ್ಕಕ್ಕೆ 20, ಎಂಜಿನ್ನಿನ ಪಾಲಿಗೆ 40ರ ಹತ್ತಿರ. ಟೈರಿನ ಒಟ್ಟು ಸುತ್ತಳತೆಯೂ ಹೆಚ್ಚಿದರೆ ಪ್ರತಿ ಗೇರೂ ಸ್ವಲ್ಪ ಮೇಲಿನ ಗೇರಿನಂತಾಗಿ ಪಿಕಪ್ ಇನ್ನಷ್ಟು ಕುಗ್ಗುತ್ತದೆ. ಸೈಲೆನ್ಸರ್ ಬದಲಿಸಿದರೆ ಮುಖ್ಯವಾಗಿ ಹೆಚ್ಚುವುದು ಸದ್ದು.

ಬೆಂಗಳೂರಿನಂಥ ನಗರಗಳಲ್ಲಿ ಹೆಸರಾದ ಸುಧಾರಣೆ ಇಸಿಯು ರೀಮ್ಯಾಪ್. ಎಂಜಿನ್ನಿನ ಕಂಪ್ಯೂಟರಿನಲ್ಲಿ ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್, ಕಿಡಿ ಯಾವಾಗ ಎಂಬ ಕೋಷ್ಟಕಗಳಿರುತ್ತವೆ. ಅವನ್ನು ತಿದ್ದುವುದೇ ರೀಮ್ಯಾಪ್. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಗಾಳಿಯ ತೂಕ ಮೊದಲೇ ನಿಗದಿಯಾಗಿರುವುದರಿಂದ ಸಾಫ್ಟ್‌ವೇರ್ ಹೊಸ ಗಾಳಿ ಹುಟ್ಟಿಸಲಾರದು. ಐದು ಪ್ರತಿಶತ ಸಿಕ್ಕರೆ ದೊಡ್ಡದು. ನಮ್ಮ ಅಳತೆಗೋಲಿನಲ್ಲಿ ಅದು 0.2 ಸೆಕೆಂಡಿಗೂ ಕಡಿಮೆ, ಮೇ ತಿಂಗಳ ಬಿಸಿಲು ಕದಿಯುವುದಕ್ಕಿಂತಲೂ ಕಡಿಮೆ. ಗೇರ್ ಇಳಿಸಿದ್ದರಿಂದ ಉಳಿದದ್ದು 2.3 ಸೆಕೆಂಡು.

ಟರ್ಬೊ ಎಂಜಿನ್ನಿನ ಮಾತು ಬೇರೆ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ, ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. 2021ರಲ್ಲಿ ಬಂದ ಹ್ಯುಂಡೈ ಐ20 ಎನ್ ಲೈನ್ ಕಾರಿನ ಒಂದೇ ಲೀಟರ್ ಎಂಜಿನ್ 172 ನ್ಯೂಟನ್-ಮೀಟರ್ ಟಾರ್ಕನ್ನು 1,500 ಸುತ್ತಿನಿಂದ 4,000ದವರೆಗೆ ಕೊಡುತ್ತದೆ. ಸ್ವಿಫ್ಟ್‌ನ 1.2 ಲೀಟರ್ ಎಂಜಿನ್ನಿನ ಗರಿಷ್ಠ 112. ಇಂಥ ಎಂಜಿನ್ನಿನಲ್ಲಿ ಒತ್ತಡ ಹೆಚ್ಚಿಸಲು ಅವಕಾಶ ಇರುವುದರಿಂದ ರೀಮ್ಯಾಪಿನಿಂದ ಐದರಲ್ಲಿ ಒಂದು ಪಾಲಿನಷ್ಟು ಶಕ್ತಿ ಹೆಚ್ಚುವುದು ಅಪರೂಪವಲ್ಲ. ಬೆಲೆಯೂ ಇದೆ: ಕ್ಲಚ್, ಗೇರ್‌ಬಾಕ್ಸ್, ಪಿಸ್ಟನ್‌ಗಳು ಹಳೆಯ ಟಾರ್ಕಿಗೆ ಲೆಕ್ಕ ಹಾಕಿ ಮಾಡಿದವು. ಬಿಸಿ ಗಾಳಿಯಲ್ಲಿ ಒತ್ತಡ ಹೆಚ್ಚಿಸಿದರೆ ಕಿಡಿಗೂ ಮೊದಲೇ ಅಥವಾ ಅಂಕೆ ತಪ್ಪಿ ಇಂಧನ ಸಿಡಿಯುವ ‘ನಾಕಿಂಗ್’ ಭಯ. ವಾರಂಟಿ ಹೋಯಿತೆಂದೇ ತಿಳಿಯಬೇಕು. ಟರ್ಬೊ ಕಾರಿಗೂ ಗೇರ್ ಇಳಿಸುವ ಕೆಲಸ ತಪ್ಪುವುದಿಲ್ಲ, 25 ಕಿ.ಮೀ. ವೇಗದಲ್ಲಿ ನಾಲ್ಕನೇ ಗೇರಿನಲ್ಲಿದ್ದರೆ ಎಂಜಿನ್ 1,000 ಸುತ್ತಿನ ಆಸುಪಾಸಿನಲ್ಲಿರುತ್ತದೆ, ಟರ್ಬೊ ಎದ್ದಿರುವುದೇ ಇಲ್ಲ.

ಕಾನೂನನ್ನೂ ನೆನಪಿಡಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪುಸ್ತಕದ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ.

ಟ್ಯಾಂಕಿನೊಳಗಿನ ಕಬ್ಬು, ಬ್ಯಾಟರಿಯ ಬಲ

ರಸ್ತೆಯಲ್ಲಿ ಅಡ್ಡ ಬಂದ ಕಬ್ಬಿನ ಒಂದು ಪಾಲು ಎಥೆನಾಲ್ ಆಗಿ ಕಾರಿನ ಟ್ಯಾಂಕಿಗೇ ಬರುತ್ತದೆ. ಶೇ 20 ಎಥೆನಾಲ್ ಬೆರೆತ ಇ20 ಪೆಟ್ರೋಲಿನಿಂದ ಪಿಕಪ್ ಸತ್ತಿತು ಎಂಬ ದೂರು ಪಂಪುಗಳಲ್ಲಿ ಕೇಳಿಬರುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ, ಎಥೆನಾಲಿನಲ್ಲಿ 21. ಆದ್ದರಿಂದ ಇ20ರ ಲೀಟರಿನಲ್ಲಿ 7 ಪ್ರತಿಶತದಷ್ಟು ಕಡಿಮೆ. ಆದರೆ ಎಥೆನಾಲಿನ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಅದು ಉರಿಯಲು ಬೇಕಾದ ಗಾಳಿಯೂ ಕಡಿಮೆ. ಎಂಜಿನ್ ಎಳೆದುಕೊಂಡ ಅಷ್ಟೇ ಗಾಳಿಗೆ ಕಂಪ್ಯೂಟರ್ ತುಸು ಹೆಚ್ಚು ಇಂಧನ ಸುರಿದು ಲೆಕ್ಕ ಸರಿದೂಗಿಸುತ್ತದೆ. ನಷ್ಟ ಬೀಳುವುದು ಮೈಲೇಜಿಗೆ. ಇ20ಗೆ ಹೊಂದುವಂತೆ ತಯಾರಾದ ಕಾರಿನಲ್ಲಿ ಓವರ್‌ಟೇಕಿನ ಸಮಯ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಎಥೆನಾಲಿನ ಆಕ್ಟೇನ್ ಹೆಚ್ಚಾದ್ದರಿಂದ ನಾಕಿಂಗ್ ಕೂಡ ತಗ್ಗುತ್ತದೆ.

ಗಾಳಿಯ ಹಂಗೇ ಬೇಡದ ಮೋಟಾರು ಈ ಲೆಕ್ಕವನ್ನೆಲ್ಲ ಬುಡಮೇಲು ಮಾಡುತ್ತದೆ. ಕರ್ನಾಟಕಕ್ಕೆ ಇದರ ಹಳೆಯ ಪರಿಚಯವಿದೆ. ಚೇತನ್ ಮೈನಿ ಅವರ ರೇವಾ ಎಂಬ ಪುಟ್ಟ ವಿದ್ಯುತ್ ಹ್ಯಾಚ್‌ಬ್ಯಾಕ್ ಬೆಂಗಳೂರಿನಲ್ಲಿ 2001ರಲ್ಲಿ ರಸ್ತೆಗಿಳಿಯಿತು, ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. ಮೊದಲಿದ್ದ ಡಿಸಿ ಮೋಟಾರಿನ ಬದಲು ಎಸಿ ಮೋಟಾರು, ಸೀಸದ ಬ್ಯಾಟರಿಯ ಬದಲು 2009ರಲ್ಲಿ ಲಿಥಿಯಂ ಬ್ಯಾಟರಿ, ಹೀಗೆ ಅದರ ಪಿಕಪ್ ಮತ್ತು ದೂರ ಎರಡೂ ಬೆಳೆದವು. ವಿದ್ಯುತ್ ಮೋಟಾರಿನ ಪೂರ್ಣ ಟಾರ್ಕ್ ಮೊದಲ ಸುತ್ತಿನಿಂದಲೇ ಸಿಗುತ್ತದೆ. ಇಳಿಸಲು ಗೇರಿಲ್ಲ, ಏರುವ ತನಕ ಕಾಯಬೇಕಾದ ಸುತ್ತಿಲ್ಲ. ಟಾಟಾ ಟಿಯಾಗೊ ಇವಿ ಸೊನ್ನೆಯಿಂದ 60ಕ್ಕೆ 5.7 ಸೆಕೆಂಡು ಎಂದು ಕಂಪನಿ ಹೇಳುತ್ತದೆ. ನೂರಕ್ಕೆ ಅದೇನೂ ಶೂರನಲ್ಲ, ಆದರೆ ಟ್ರ್ಯಾಕ್ಟರ್ ದಾಟುವ ವೇಗಗಳಲ್ಲಿ ಅದಕ್ಕೆ ಕೈಬಲ ಜಾಸ್ತಿ.

ದುಡ್ಡು ಎಲ್ಲಿಗೆ?

ಹುನಗುಂದ, ಇಳಕಲ್ಲುಗಳನ್ನು ಹಾದುಹೋಗುವ ನಾಲ್ಕು ಪಥದ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಗ್ರಾನೈಟ್ ದಿಂಡು ಹೊತ್ತ ಲಾರಿಯನ್ನು ದಾಟುವಾಗ ಎದುರಿನ ಬಸ್ಸಿನ ಚಿಂತೆ ಇಲ್ಲ. ಅಲ್ಲಿ ಎಂಜಿನ್ ದುರ್ಬಲವಾದರೆ ತಡವಾಗುತ್ತದೆ, ಅಷ್ಟೆ. ಬಾದಾಮಿ ಸುತ್ತಲಿನ ಎರಡು ಪಥದ ದಾರಿಗಳಲ್ಲಿ ಅದೇ ದೌರ್ಬಲ್ಯ ಮೀಟರುಗಳಾಗಿ ಬದಲಾಗುತ್ತದೆ. ಅಲ್ಲಿ ಬಲದಷ್ಟೇ ಮುಖ್ಯ ಬ್ರೇಕು: 60ರಿಂದ ನಿಲ್ಲಿಸುವುದಕ್ಕಿಂತ 73ರಿಂದ ನಿಲ್ಲಿಸಲು ಒಂದೂವರೆ ಪಟ್ಟು ಶಕ್ತಿಯನ್ನು ಶಾಖವಾಗಿ ಕರಗಿಸಬೇಕು. ಕಾರನ್ನು ನಿಲ್ಲಿಸುವ ಬಲ ರಸ್ತೆಗೆ ದಾಟುವುದು ಅಂಗೈಯಗಲದ ನಾಲ್ಕು ಟೈರಿನ ತುಣುಕುಗಳ ಮೂಲಕ. ಸುಧಾರಣೆಗೆಂದು ಎತ್ತಿಟ್ಟ ಹಣವಿದ್ದರೆ ಮೊದಲು ಒಳ್ಳೆಯ ಟೈರು, ಆಮೇಲೆ ಬ್ರೇಕ್ ಪ್ಯಾಡು, ಸ್ವಚ್ಛ ಫಿಲ್ಟರು, ಹೊಸ ಸ್ಪಾರ್ಕ್ ಪ್ಲಗ್ಗು. ಹೆಚ್ಚು ಬಲವೇ ಬೇಕೆಂದರೆ ಹಳೆಯ ಎಂಜಿನ್ನನ್ನು ಹಿಂಡುವ ಬದಲು, ಮುಂದಿನ ಕಾರು ಕೊಳ್ಳುವಾಗ ಟರ್ಬೊ ಅಥವಾ ಬ್ಯಾಟರಿಯದನ್ನು ನೋಡುವುದು ಲೇಸು.

ಉಳಿದ ಒಂದು ಸುಧಾರಣೆಗೆ ದುಡ್ಡೇ ಬೇಡ. ಹೆದ್ದಾರಿಗಳ ಪಕ್ಕದಲ್ಲಿ ಎರಡು ಕಿಲೋಮೀಟರ್ ಕಲ್ಲುಗಳ ನಡುವೆ 200 ಮೀಟರಿಗೊಂದು ಸಣ್ಣ ಕಲ್ಲು ನೆಟ್ಟಿರುತ್ತಾರೆ. ಅಂಥ ಎರಡು ಅಂತರ, ಅಂದರೆ 400 ಮೀಟರ್, ಎಷ್ಟು ದೂರ ಕಾಣುತ್ತದೆಂದು ಕಣ್ಣಿಗೆ ಅಭ್ಯಾಸ ಮಾಡಿಸಿ. 240 ಲೆಕ್ಕದ ಕನಿಷ್ಠ, ಉಳಿದದ್ದು ಅಂದಾಜು ತಪ್ಪಿದರೆ ಕೈಹಿಡಿಯುವ ಜಾಗ. ಅಷ್ಟು ರಸ್ತೆ ಖಾಲಿ ಕಂಡರೆ ಎರಡನೇ ಗೇರಿಗೆ ಇಳಿಸಿ ದಾಟಿ. ತಿರುವು ಅದನ್ನು ಮರೆಮಾಡಿದ್ದರೆ 82 ಅಶ್ವಶಕ್ತಿಯ ಕಾರೂ 145ರ ಕಾರೂ ಟ್ರ್ಯಾಕ್ಟರಿನ ಹಿಂದೆಯೇ ಇರಬೇಕು.