ಟ್ರಾಕ್ಟರಿನ ಹಳೆಯ ಆಯಿಲ್ ಫಿಲ್ಟರಿನಿಂದ ಎಣ್ಣೆಯನ್ನು ಬಸಿಯುವ ಕ್ರಮ

ಚಾಮರಾಜನಗರ ತಾಲ್ಲೂಕಿನ ಕುದೇರು ಮತ್ತು ಅದರ ಸುತ್ತಣ ಗ್ರಾಮಗಳಲ್ಲಿ ಉಳುಮೆಯ ಕೆಲಸವನ್ನೂ ಕಬ್ಬು, ಅರಿಸಿನ ಮುಂತಾದ ಫಸಲುಗಳ ಸಾಗಾಣಿಕೆಯನ್ನೂ ಈಗ ಬಹುಮಟ್ಟಿಗೆ ಟ್ರಾಕ್ಟರುಗಳೇ ವಹಿಸಿಕೊಂಡಿರುವುದು ಎಲ್ಲರಿಗೂ ತಿಳಿದ ವಿಷಯವೇ ಆಗಿದೆ. ಎತ್ತಿಗೆ ಮೇವು ನೀರು ಹೇಗೋ ಯಂತ್ರಕ್ಕೆ ಎಣ್ಣೆ ಹಾಗೆ. ಕಾಲಕಾಲಕ್ಕೆ ಎಂಜಿನ್ ಎಣ್ಣೆಯನ್ನು ಬದಲಾಯಿಸಬೇಕೆಂಬುದನ್ನು ಜಮೀನುದಾರರು ಮರೆಯುವುದಿಲ್ಲ. ಆದರೆ ಎಣ್ಣೆಯೊಡನೆ ಬಿಚ್ಚಿ ತೆಗೆದ ಫಿಲ್ಟರಿನ ಗತಿಯೇನಾಯಿತೆಂದು ವಿಚಾರಿಸುವವರು ವಿರಳ. ಅದು ಸಾಮಾನ್ಯವಾಗಿ ಬೇಲಿಯ ಬುಡಕ್ಕೋ ತಿಪ್ಪೆಗೋ ಪಂಪುಸೆಟ್ಟಿನ ಕೊಠಡಿಯ ಹಿಂದಕ್ಕೋ ಹೋಗಿ ಬೀಳುತ್ತದೆ.

ಹಾಗೆ ಬಿದ್ದ ಫಿಲ್ಟರು ಬರಿದಾಗಿರುತ್ತದೆಯೆಂದು ತಿಳಿಯುವುದು ತಪ್ಪು. ಗಾತ್ರವನ್ನನುಸರಿಸಿ ಅದರೊಳಗೆ ಕಾಲು ಲೀಟರಿನಷ್ಟು ಎಣ್ಣೆ ನಿಂತಿರುವುದುಂಟು. ಒಂದು ಊರಿನಲ್ಲಿ 40 ಟ್ರಾಕ್ಟರುಗಳಿದ್ದು, ಒಂದೊಂದಕ್ಕೂ ವರ್ಷಕ್ಕೆ 2 ಸಲ ಫಿಲ್ಟರು ಬದಲಾಯಿಸುವರೆಂದು ಇಟ್ಟುಕೊಂಡರೆ, 20 ಲೀಟರು ಎಣ್ಣೆ ಯಾರ ಕಣ್ಣಿಗೂ ಬೀಳದೆ ನೆಲಕ್ಕೆ ಇಳಿದಂತಾಯಿತು. ಒಂದು ಗ್ಯಾಲನ್ ಹಳೆಯ ಎಣ್ಣೆಯು ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲುದೆಂದು ಅಮೆರಿಕಾದ ಪರಿಸರ ಸಂರಕ್ಷಣಾ ಇಲಾಖೆಯವರು ಹೇಳಿರುವುದನ್ನು ಇದರೊಡನೆ ಸೇರಿಸಿ ನೋಡಬೇಕು. ಬೇಸಗೆಯಲ್ಲಿ ಬಿರುಕು ಬಿಟ್ಟ ಎರೆಭೂಮಿಯಲ್ಲಿ ಚೆಲ್ಲಿದ ಎಣ್ಣೆಯು ಮೇಲ್ಮಣ್ಣಿನಲ್ಲಿ ನಿಲ್ಲದೆ ಬಿರುಕಿನ ಮೂಲಕ ಆಳಕ್ಕೆ ಹೋಗುತ್ತದೆ. ಎಂಜಿನ್ನಿನಲ್ಲಿ ಓಡಾಡಿದ ಎಣ್ಣೆಯಲ್ಲಿ ಸವೆದ ಲೋಹದ ಕಣಗಳೂ, ದಹನದಿಂದುಂಟಾದ ವಿಷವಸ್ತುಗಳೂ ಸೇರಿರುವುವಾದ್ದರಿಂದ ಅದು ಹೊಸ ಎಣ್ಣೆಗಿಂತ ಹೆಚ್ಚು ಕೆಟ್ಟದ್ದು. ಕುದೇರಿನಲ್ಲಿಯೇ ಜಿಲ್ಲಾ ಹಾಲು ಒಕ್ಕೂಟದ ಡೈರಿಯಿದ್ದು, ಸುತ್ತಣ ಸಂಸಾರಗಳಿಗೆ ಹಾಲಿನ ಹಣವೇ ಕೈಖರ್ಚಿನ ಆಧಾರವಾಗಿರುವಾಗ, ದನಗಳು ನೀರು ಕುಡಿಯುವ ತೊಟ್ಟಿಯ ಬಳಿ ಇಂತಹ ಡಬ್ಬಗಳು ಉರುಳಾಡಕೂಡದು.

ಫಿಲ್ಟರನ್ನು ತಲೆಕೆಳಗು ಮಾಡಿದರೂ ಎಣ್ಣೆ ಏಕೆ ಸುರಿದುಹೋಗುವುದಿಲ್ಲವೆಂಬುದಕ್ಕೆ ಅದರ ರಚನೆಯೇ ಕಾರಣ. 1923ರಲ್ಲಿ ಅಮೆರಿಕಾದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಎಂಬವರು ಮೋಟಾರು ಎಂಜಿನ್ನಿಗೆ ಎಣ್ಣೆ ಸೋಸುವ ಸಾಧನವನ್ನು ಬಳಕೆಗೆ ತಂದ ಮೇಲೆ ಅದು ಹಲವು ರೂಪಗಳನ್ನು ತಾಳಿತು. ಈಗ ಹೆಚ್ಚಾಗಿ ಕಾಣಬರುವುದು ತಿರುಗಿಸಿ ಕೂಡಿಸುವ ತಗಡಿನ ಡಬ್ಬ. ಅದರ ಬಾಯಿಯ ನಡುವೆ ಮರೆಯುಳ್ಳ ದೊಡ್ಡ ರಂಧ್ರವೊಂದೂ, ಸುತ್ತಲೂ ಸಣ್ಣ ರಂಧ್ರಗಳೂ ಇರುತ್ತವೆ. ಕೊಳೆಯ ಎಣ್ಣೆ ಸಣ್ಣ ರಂಧ್ರಗಳಿಂದ ಒಳಹೊಕ್ಕು, ನಿರಿಗೆ ಹಿಡಿದ ಕಾಗದದಲ್ಲಿ ಸೋಸಿಕೊಂಡು, ನಡುವಣ ಕೊಳವೆಯಿಂದ ಎಂಜಿನ್ನಿಗೆ ಮರಳುತ್ತದೆ. ಎಂಜಿನ್ ನಿಂತಾಗ ಎಣ್ಣೆ ಹಿಂದಕ್ಕೆ ಇಳಿಯದಿರಲೆಂದು ಸಣ್ಣ ರಂಧ್ರಗಳ ಒಳಗಡೆ ರಬ್ಬರಿನ ಮುಚ್ಚಳವಿರುತ್ತದೆ. ಎಂಜಿನ್ನಿಗೆ ಉಪಕಾರಿಯಾದ ಈ ಮುಚ್ಚಳವೇ ಬಸಿಯುವವನಿಗೆ ತೊಡಕು. ಗಾಳಿ ಒಳಕ್ಕೆ ಹೋಗಲು ದಾರಿಯಿಲ್ಲದೆ ಎಣ್ಣೆ ಹೊರಕ್ಕೆ ಬಾರದು.

ಆದುದರಿಂದ ಮೊದಲು ಎಂಜಿನ್ನನ್ನು ಕೆಲವು ನಿಮಿಷ ನಡೆಯಿಸಿ ನಿಲ್ಲಿಸಬೇಕು. ಬೆಚ್ಚಗಿನ ಎಣ್ಣೆ ತೆಳುವಾಗಿ ಬೇಗ ಹರಿಯುತ್ತದೆ. ಉಳುಮೆಯಿಂದ ಬಂದ ಗಳಿಗೆಯಲ್ಲಿಯೇ ಕೈಹಾಕಿದರೆ ಮಾತ್ರ ಸುಟ್ಟುಕೊಳ್ಳುವ ಭಯವುಂಟು. ಸಂಪಿನ ಎಣ್ಣೆಯನ್ನು ಬಿಟ್ಟಾದ ಮೇಲೆ, ಅಗಲವಾದ ಬೋಗುಣಿಯನ್ನು ಫಿಲ್ಟರಿನ ಕೆಳಗಿಟ್ಟು, ಕೈಗವಸು ತೊಟ್ಟು, ನಿಧಾನವಾಗಿ ಬಿಚ್ಚಬೇಕು. ಹಳೆಯ ರಬ್ಬರು ವಾಷರು ಫಿಲ್ಟರಿನೊಡನೆಯೇ ಬಂದಿತೇ ಎಂದು ನೋಡುವುದು ಅವಶ್ಯ. ಅದು ಎಂಜಿನ್ನಿಗೆ ಅಂಟಿಕೊಂಡಿದ್ದು, ಅದರ ಮೇಲೆಯೇ ಹೊಸದನ್ನು ಕೂಡಿಸಿದರೆ ಎಣ್ಣೆ ಸೋರಿ ಎಂಜಿನ್ ಕೆಡುವುದು.

ಬಿಚ್ಚಿದ ಫಿಲ್ಟರಿನ ಬಾಯನ್ನು ಕೆಳಗೆ ಮಾಡಿ ಬೋಗುಣಿಯ ಮೇಲೆ ಹಿಡಿದರೆ ನಡುಗೊಳವೆಯ ಎಣ್ಣೆ ಇಳಿಯುತ್ತದೆ. ಅದೇ ಸ್ಥಿತಿಯಲ್ಲಿಟ್ಟುಕೊಂಡು ಮೇಲಕ್ಕೆ ಬಂದಿರುವ ತಳಭಾಗದ ಅಂಚಿನಲ್ಲಿ, ಎದುರುಬದುರಾಗಿ, ದಪ್ಪ ಮೊಳೆ ಮತ್ತು ಸುತ್ತಿಗೆಯಿಂದ ಎರಡು ತೂತುಗಳನ್ನು ಹೊಡೆಯತಕ್ಕದ್ದು. ನಡುವೆ ಹೊಡೆದರೆ ಒಳಗಿನ ಸ್ಪ್ರಿಂಗು ಅಡ್ಡಬರುವುದುಂಟು. ಗಾಳಿಯಾಡಿದೊಡನೆ ಎಣ್ಣೆ ಸಡಿಲವಾಗುತ್ತದೆ. ಬಾಯಿಯ ಕಡೆಯಿಂದ ಇಳಿಯುವುದು ನಿಂತ ಬಳಿಕ ಫಿಲ್ಟರನ್ನು ತಿರುವಿ, ತೂತುಗಳು ಕೆಳಗಾಗುವಂತೆ ತಂತಿಜಾಲರಿಯ ಮೇಲೆ ಕೂಡಿಸಿ ಬೋಗುಣಿಯ ಮೇಲಿಟ್ಟರೆ ಕಾಗದದ ಹೊರಗಡೆ ನಿಂತ ಕೊಳೆಯ ಎಣ್ಣೆಯೂ ಇಳಿದುಬರುವುದು. ಇದಕ್ಕೆ ಅವಸರಪಡಬಾರದು. ಅಮೆರಿಕಾದ ಇಲಾಖೆಯವರು ಬಿಸಿಯಾಗಿರುವಾಗಲೇ ಬಸಿಯಲು ಇಟ್ಟು ಕನಿಷ್ಠ 12 ಗಂಟೆಗಳ ಕಾಲ ಬಿಡಬೇಕೆಂದು ಸಲಹೆ ಮಾಡಿದ್ದಾರೆ. ಸಂಜೆ ಇಟ್ಟು ಬೆಳಿಗ್ಗೆ ನೋಡುವುದು ನಮ್ಮ ರೈತರಿಗೆ ಅನುಕೂಲ. ಮಳೆ ಬೀಳದ, ಮಕ್ಕಳೂ ದನಕರುಗಳೂ ಸುಳಿಯದ ಜಾಗವಾಗಿರಬೇಕು. ಬೇಗ ಇಳಿಯಲೆಂದು ಒಲೆಯ ಮೇಲೆ ಕಾಯಿಸುವುದಾಗಲಿ, ಎಣ್ಣೆ ತುಂಬಿದ ಫಿಲ್ಟರನ್ನು ಕಿಡಿ ಹಾರುವ ಯಂತ್ರದಿಂದ ಕೊಯ್ಯುವುದಾಗಲಿ ಸರ್ವಥಾ ಕೂಡದು.

ಬಸಿದ ಎಣ್ಣೆಯನ್ನು ಒಣಗಿದ, ಬಿಗಿಯಾದ ಬಿರಡೆಯುಳ್ಳ ಡಬ್ಬಕ್ಕೆ ಆಲಿಕೆಯಿಂದ ತುಂಬಿ, ಅದರ ಮೇಲೆ “ಹಳೆಯ ಎಂಜಿನ್ ಎಣ್ಣೆ” ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿಡಬೇಕು. ಹಾಲಿನ ಕ್ಯಾನು, ಕುಡಿಯುವ ನೀರಿನ ಕ್ಯಾನು, ಕೀಟನಾಶಕದ ಡಬ್ಬ, ಇವು ಯಾವುವೂ ಈ ಕೆಲಸಕ್ಕೆ ಬಾರವು. ನೀರು, ಡೀಸೆಲ್, ಸೀಮೆಎಣ್ಣೆ, ಬ್ರೇಕ್ ಎಣ್ಣೆ ಬೆರೆತರೆ ಅದನ್ನು ಮತ್ತೆ ಶುದ್ಧಿಮಾಡುವವರಿಗೆ ತೊಂದರೆಯಾಗಿ ಬೆಲೆಯೂ ಕುಗ್ಗುವುದು. ನೆಲಕ್ಕೆ ಚೆಲ್ಲಿದುದನ್ನು ಮರದ ಹೊಟ್ಟಿನಿಂದ ಹೀರಿಸಿ, ಆ ಹೊಟ್ಟನ್ನೂ ಬೇರೆ ಚೀಲದಲ್ಲಿ ಕಟ್ಟಿಡಬೇಕು.

ಹಳೆಯ ಎಣ್ಣೆಯನ್ನು ಗೆದ್ದಲಿಗೆಂದು ಬೇಲಿಗೂಟಗಳಿಗೆ ಬಳಿಯುವುದು, ಕಜ್ಜಿಗೆಂದು ದನಗಳ ಮೈಗೆ ಹಚ್ಚುವುದು ಹಲವೆಡೆ ರೂಢಿಯಲ್ಲಿದೆ. ಹಿಂದೆ ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆಯು ಹರಳೆಣ್ಣೆಯಿಂದಾದುದು. ಅದರ ಬಳಕೆಯಿಂದ ಬಂದ ಧೈರ್ಯವನ್ನು ಈ ಎಣ್ಣೆಯ ವಿಷಯದಲ್ಲಿ ತೋರುವುದು ಸರಿಯಲ್ಲ. ದನ ತನ್ನ ಮೈಯನ್ನು ತಾನೇ ನೆಕ್ಕುತ್ತದೆ. ಕಜ್ಜಿಗೆ ಪಶುವೈದ್ಯರು ಕೊಡುವ ಔಷಧಿಯಿದೆ.

2016ರ ನಿಯಮಗಳ ಮೇರೆಗೆ ಹಳೆಯ ಎಣ್ಣೆಯು ಅಪಾಯಕಾರಿ ತ್ಯಾಜ್ಯವೆಂದು ಗಣಿಸಲ್ಪಟ್ಟಿದೆ. 2023ರ ತಿದ್ದುಪಡಿಯಂತೆ 2024ನೆಯ ಏಪ್ರಿಲ್ 1ರಿಂದ, ಎಣ್ಣೆಯನ್ನು ತಯಾರಿಸಿ ಮಾರುವವರ ಮೇಲೆಯೇ ಅದರ ಮರುಶುದ್ಧಿಯ ಹೊಣೆಯನ್ನು ಹೊರಿಸಲಾಗಿದೆ. ಆದಕಾರಣ ಸೈಕಲ್ಲಿನ ಮೇಲೆ ಬಂದು ಕೈಗೆ ಚಿಲ್ಲರೆ ಕೊಟ್ಟು ಒಯ್ಯುವವರಿಗೆ ಮಾರದೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅಧಿಕಾರ ಪಡೆದವರಿಗೆ, ಅಥವಾ ಅವರಿಗೆ ತಲುಪಿಸುವ ಸರ್ವೀಸ್ ಕೇಂದ್ರಕ್ಕೆ ಕೊಡತಕ್ಕದ್ದು. ಬಸಿದ ಫಿಲ್ಟರಿನ ಕಾಗದದಲ್ಲಿ ಎಣ್ಣೆಯ ಅಂಶ ಉಳಿದೇ ಇರುವುದರಿಂದ ಅದನ್ನೂ ಗುಜರಿಗೆ ಹಾಕದೆ ಅಲ್ಲಿಗೇ ಕೊಡುವುದು ಲೇಸು.

ಒಬ್ಬೊಬ್ಬ ರೈತನೂ ಎರಡು ಲೀಟರು ಎಣ್ಣೆಯನ್ನು ಹೊತ್ತು ಚಾಮರಾಜನಗರಕ್ಕೆ ಹೋಗುವನೆಂದು ನಿರೀಕ್ಷಿಸಲಾಗದು. ಊರಿನ ಯಜಮಾನರೂ ಗ್ರಾಮಪಂಚಾಯಿತಿಯವರೂ ಕೂಡಿ, ಬಾವಿ, ಕೊಳವೆಬಾವಿ, ಕೆರೆಗಳಿಂದ ದೂರವಾಗಿ, ಮೇಲ್ಛಾವಣಿಯೂ ಸಿಮೆಂಟಿನ ನೆಲವೂ ಉಳ್ಳ ಒಂದು ಮೂಲೆಯಲ್ಲಿ ಮುಚ್ಚಳವುಳ್ಳ ಪೀಪಾಯಿಯೊಂದನ್ನೂ, ಫಿಲ್ಟರುಗಳಿಗಾಗಿ ತಗಡಿನ ಪೆಟ್ಟಿಗೆಯೊಂದನ್ನೂ ಇರಿಸಬಹುದು. ಕೊಟ್ಟವರ ಹೆಸರು, ಲೀಟರಿನ ಲೆಕ್ಕ, ಒಯ್ದವರ ಅಧಿಕಾರಪತ್ರದ ಸಂಖ್ಯೆ ಇವನ್ನು ಬರೆದಿಡಲು ಒಂದು ಪುಸ್ತಕವಿದ್ದರೆ ಸಾಕು. ಬೀಗದ ಕೈ ಒಬ್ಬರ ವಶದಲ್ಲಿರಬೇಕು. ಪೀಪಾಯಿಯನ್ನು ಅಂಚಿನವರೆಗೂ ತುಂಬಿಸದೆ, ಬಿಸಿಲಿಗೆ ಎಣ್ಣೆ ಹಿಗ್ಗಿದರೆ ಚೆಲ್ಲದಂತೆ ಮೇಲೆ ನಾಲ್ಕು ಬೆರಳಷ್ಟು ಜಾಗ ಬಿಟ್ಟಿರಬೇಕು.