ಪದದ ನಡುವಿನ ಮಾತು

“ಹತ್ತೂವರಿ ಆದಮ್ಯಾಲ ಬರ್ರಿ. ಅದಕ್ಕೂ ಮೊದಲ ಬಂದ್ರ ಹನಮಪ್ಪ ಒಬ್ಬನ ಇರ್ತಾನ” ಎಂದು ಭಜನಿ ಮೇಳದ ಹಿರಿಯರು ಫೋನಿನಲ್ಲಿ ಹೇಳಿದ್ದರು. ನನಗೆ ಅವಸರ, ಹತ್ತಕ್ಕೇ ಹೋದೆ. ಗುಡಿಯಲ್ಲಿ ನಿಜಕ್ಕೂ ಹನುಮಪ್ಪ ಒಬ್ಬನೇ ಇದ್ದ. ಕಟ್ಟೆಯ ಮೇಲೆ ಒಂದು ನಾಯಿ ಮುದುರಿ ಮಲಗಿತ್ತು. ಎಮ್ಮೆ ಹಿಂಡಿ, ರೊಟ್ಟಿ ಉಂಡು, ಟಿ.ವಿ. ಧಾರಾವಾಹಿ ಮುಗಿಸಿ ಒಬ್ಬೊಬ್ಬರೇ ಬರತೊಡಗಿದಾಗ ಹತ್ತೂ ನಲವತ್ತು. ಒಬ್ಬರ ಹೆಗಲ ಮೇಲೆ ಪೇಟಿ, ಇನ್ನೊಬ್ಬರ ಕೈಚೀಲದಲ್ಲಿ ತಾಳ, ಮತ್ತೊಬ್ಬರ ಕೈಯಲ್ಲಿ ಹಾಲಿನ ತಂಬಿಗೆ. ಅಂದು ಅಮಾವಾಸ್ಯೆ. ಊರು ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನದು. ಶರೀಫಜ್ಜನ ಶಿಶುನಾಳವೂ ಇದೇ ತಾಲ್ಲೂಕು.

ಉತ್ತರ ಕರ್ನಾಟಕದಲ್ಲಿ ಬೆಳೆದವರಿಗೆ ಭಜನಿಯನ್ನು ಪರಿಚಯಿಸಬೇಕಿಲ್ಲ. ಉಳಿದವರಿಗಾಗಿ ಇಷ್ಟು: ಭಜನಿ ಎಂದರೆ ದೇವರ ನಾಮಾವಳಿ ಮಾತ್ರ ಅಲ್ಲ. ಇಲ್ಲಿ ಹಾಡುವುದು ಹೆಚ್ಚಾಗಿ ತತ್ವಪದ. ಹಾಡುವವರು ಹಗಲು ಹೊಲದಲ್ಲಿರುವವರು, ಗೌಂಡಿಗಳು, ಕಿರಾಣಿ ಅಂಗಡಿಯವರು, ನಿವೃತ್ತ ಮಾಸ್ತರರು. ಟಿಕೆಟ್ ಇಲ್ಲ, ವೇದಿಕೆ ಇಲ್ಲ, ಸಂಭಾವನೆಯಂತೂ ಇಲ್ಲವೇ ಇಲ್ಲ. ಅಮಾವಾಸ್ಯೆಗೆ, ಸೋಮವಾರಕ್ಕೆ, ಶ್ರಾವಣದಲ್ಲಿ ಕೆಲವು ಊರುಗಳಲ್ಲಿ ತಿಂಗಳಿಡೀ ಹಾಡುತ್ತಾರೆ. ಸಪ್ತಾಹವಾದರೆ ಏಳು ಹಗಲು ಏಳು ರಾತ್ರಿ ತಾಳದ ಸದ್ದು ನಿಲ್ಲುವಂತಿಲ್ಲ. ಮೇಳದವರು ಪಾಳಿ ಹಚ್ಚಿಕೊಂಡು ಕೂಡುತ್ತಾರೆ, ನಡುರಾತ್ರಿಯ ಪಾಳಿ ಯಾರಿಗೆ ಎಂಬುದರ ಮೇಲೆ ಸಣ್ಣ ಜಗಳವೂ ಆಗುತ್ತದೆ.

ಪೇಟಿ ಎಂದರೆ ಹಾರ್ಮೋನಿಯಂ. ಅದು, ತಬಲಾ, ಢೋಲಕ್ ಆಮೇಲೆ ಬಂದ ನೆಂಟರು. ಮನೆಯ ಯಜಮಾನ ಏಕತಾರಿ: ಸೋರೆ ಬುರುಡೆಗೆ ಬಿದಿರ ಕೋಲು, ಅದರ ಮೇಲೆ ಒಂದೇ ತಂತಿ. ತೋರುಬೆರಳು ಮೀಟುತ್ತಲೇ ಇರಬೇಕು. ಅದರಲ್ಲಿ ರಾಗ ನುಡಿಸಲು ಬರುವುದಿಲ್ಲ. ಶ್ರುತಿಯನ್ನೂ ಲಯವನ್ನೂ ಒಟ್ಟಿಗೆ ಹಿಡಿದುಕೊಂಡು ಹಾಡುವವನನ್ನು ದಾರಿ ತಪ್ಪದಂತೆ ಕಾಯುತ್ತದೆ, ಅಷ್ಟೆ. ಜೊತೆಗೆ ದಮ್ಮಡಿ. ಆ ರಾತ್ರಿ ಹೊರಗೆ ಜಿಟಿಜಿಟಿ ಮಳೆ, ದಮ್ಮಡಿಯ ಚರ್ಮ ಥಂಡಿ ಹಿಡಿದು ಸಡಿಲಾಗಿತ್ತು. ಬಾರಿಸುವವರು ಹಳೆ ಪೇಪರಿನ ಹಾಳೆ ಸುತ್ತಿ ಬೆಂಕಿ ಹಚ್ಚಿ, ಉರಿಯ ಮೇಲೆ ಚರ್ಮವನ್ನು ತಿರುಗಿಸಿ ತಿರುಗಿಸಿ ಕಾಸಿದರು. ಎರಡು ಸಲ ಬೆರಳು ಬಡಿದು ಕಿವಿಗೊಟ್ಟರು. “ಈಗ ಮಾತಾಡಾಕತ್ತು” ಎಂದರು.

ಪದ ಶುರುವಾಯಿತು. ಮುಂದಾಳು ಪಲ್ಲ ಎತ್ತಿಕೊಡುತ್ತಾರೆ, ಹಿಂದಿನವರು ಎಳೆದು ಹಾಡುತ್ತಾರೆ. ಮೊದಲ ನುಡಿ, ಮತ್ತೆ ಪಲ್ಲ. ಎರಡನೇ ನುಡಿ, ಮತ್ತೆ ಪಲ್ಲ. ನಾನು ಕಾಯುತ್ತಿದ್ದುದು ಮುಂದಿನ ಗಳಿಗೆಗೆ. ಎರಡನೇ ನುಡಿ ಮುಗಿಯುತ್ತಲೇ ಹಿರಿಯರು ಕೈ ಎತ್ತಿದರು. ಪೇಟಿ ನಿಂತಿತು, ತಬಲಾ ನಿಂತಿತು, ಏಕತಾರಿಯೊಂದು ಮಾತ್ರ ಮೆಲ್ಲಗೆ ಮಿಡಿಯುತ್ತಿತ್ತು. ಅವರು ಮಾತಿಗಿಳಿದರು.

ಅಂದು ಹಾಡುತ್ತಿದ್ದುದು ಶರೀಫರ ಸೋರುವ ಮಾಳಿಗೆಯ ಪದ. “ಹ್ವಾದ ವರ್ಷ ನಮ್ಮ ಪಡಸಾಲಿ ಸೋರಾಕ ಹತ್ತಿತ್ರೀ” ಎಂದರು. “ಸ್ವಸಿ ನಾಕ ಕಡೆ ಬೋಗಾಣಿ ಇಟ್ಟಿದ್ಲು. ನಾ ನಿಚ್ಚಣಿಕಿ ಹಚ್ಚಿ ಮ್ಯಾಲ ಹತ್ತಿ, ಹನಿ ಬೀಳೂ ಜಾಗಾ ಅಂದಾಜ ಮಾಡಿ ಮಣ್ಣ ಹಾಕಿ ಬಂದ್ನಿ. ನಿಲ್ಲಲಿಲ್ಲ. ಮತ್ತ ಹತ್ತಿದ್ನಿ, ಮತ್ತ ಹಾಕಿದ್ನಿ. ಮೂರನೇ ಸಲ ಹತ್ತೂ ಮುಂದ ಮೊಮ್ಮಗಳು ಕೇಳಿದ್ಲು: ಯಜ್ಜಾ, ಹನಿ ಬಿದ್ದಲ್ಲೇ ತೂತ ಇರ್ತದನು?” ಒಂದು ಕ್ಷಣ ಸುಮ್ಮನಾದರು. “ತೂತ ಎರಡ ಮೊಳ ಆಚಿಗಿತ್ತರೀ. ನೀರು ಜಂತಿ ಹಿಡಕೊಂಡ ಬಂದು ಇಲ್ಲಿ ಬೀಳತಿತ್ತು.” ಅಷ್ಟೇ. ಪೇಟಿಯವರ ಕಡೆ ತಿರುಗಿ “ಹೂಂ, ಹೊಡಿ” ಎಂದರು. ಮೂರನೇ ನುಡಿ ಹೊರಟಿತು.

ಕಂಬಕ್ಕೆ ಒರಗಿ ಕೂತಿದ್ದ ಒಬ್ಬರು ನಕ್ಕರು. ನನ್ನ ಪಕ್ಕದವರು ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ಅವರ ಮನೆಯಲ್ಲಿ ಯಾವ ಹನಿ ಎಲ್ಲಿ ಬೀಳುತ್ತಿತ್ತೋ ನನಗೆ ಗೊತ್ತಿಲ್ಲ. ಆ ಪದವನ್ನು ನಾನು ಕ್ಯಾಸೆಟ್ಟಿನ ಕಾಲದಿಂದ ಕೇಳುತ್ತ ಬಂದವನು. ‘ಮಾಳಿಗೆ ಎಂದರೆ ದೇಹ’ ಎಂದು ಶಾಲೆಯಲ್ಲೇ ಬಾಯಿಪಾಠ ಆಗಿತ್ತು. ತೂತಿನ ಜಾಗ ಬೇರೆ, ಹನಿಯ ಜಾಗ ಬೇರೆ ಎಂಬುದು ಮಾತ್ರ ಅಂದಿನವರೆಗೆ ತಲೆಗೆ ಹೊಳೆದಿರಲಿಲ್ಲ.

ಈ ಮಾತಿಗೆ ಮೇಳದವರು ‘ಅರ್ಥ ಹೇಳೂದು’ ಎನ್ನುತ್ತಾರೆ. ನಿಘಂಟಿನ ಅರ್ಥವಲ್ಲ. ಪದವನ್ನು ತಮ್ಮ ಅಂಗಳಕ್ಕೆ ಇಳಿಸಿಕೊಳ್ಳುವ ಕೆಲಸ. ಹಾಗೆ ನೋಡಿದರೆ ಪದ ಹುಟ್ಟಿದ್ದೂ ಅಂಗಳದಲ್ಲೇ. ಶರೀಫರು (1819–1889) ಕೆಲಕಾಲ ಶಾಲಾ ಮಾಸ್ತರಿಕೆ ಮಾಡಿದವರು, ಮುಸ್ಲಿಂ ಮನೆಯ ಮಗ, ಕಳಸದ ಗೋವಿಂದ ಭಟ್ಟರ ಶಿಷ್ಯ. ಹೆಂಡತಿಯನ್ನೂ ಮಗಳನ್ನೂ ಕಳೆದುಕೊಂಡವರು. ಅವರಿಗೆ ತತ್ವ ಹೇಳಲು ಸಿಕ್ಕ ಸಾಮಾನುಗಳನ್ನು ನೋಡಿ: ಕೋಳಿ, ಕೋಡಗ, ಬೀಸುವ ಕಲ್ಲು, ತಂಬಾಕು, ಸೋರುವ ಮನೆ. ಹತ್ತಿಯ ಗಿರಣಿ ಹೊಸದಾಗಿ ಬಂದಾಗ ಅದರ ಮೇಲೂ ಪದ ಕಟ್ಟಿದರು. ಮೊಹರಮ್ಮಿಗೆ ರಿವಾಯತ್ ಪದಗಳನ್ನೂ ಬರೆದರು. ಕಣ್ಣೆದುರಿಗೆ ಬಂದದ್ದನ್ನು ಅವರು ಬಿಟ್ಟಂತೆ ಕಾಣುವುದಿಲ್ಲ. ಇತ್ತ ಕಲಬುರಗಿ ಕಡೆ ಹೋದರೆ ಕಡಕೋಳ ಮಡಿವಾಳಪ್ಪನವರ ಪದಗಳು, ಅವರ ಬಳಗದ ಚನ್ನೂರ ಜಲಾಲ ಸಾಹೇಬರ ಪದಗಳು, ರಾಂಪುರದ ಬಕ್ಕಪ್ಪನವರ ಪದಗಳು. ಧಾಟಿ ಬೇರೆ, ಬಾಯಿ ಬೇರೆ, ಸಾಮಾನುಗಳು ಮಾತ್ರ ಅವೇ ಅಡುಗೆಮನೆಯವು, ಹೊಲದವು.

ಧಾಟಿಯ ಮಾತು ಬಂತಲ್ಲ. ಜಾತ್ರೆಯಲ್ಲಿ ಮಾರುವ ತೆಳ್ಳನೆಯ ಭಜನಾ ಪುಸ್ತಕಗಳಲ್ಲಿ ಪದದ ನೆತ್ತಿಯ ಮೇಲೆ ‘ಧಾಟಿ’ ಎಂದು ಬರೆದು ಯಾವುದೋ ಸಿನಿಮಾ ಹಾಡಿನ ಹೆಸರು ಹಾಕಿರುತ್ತಾರೆ. ಶುದ್ಧ ಜಾನಪದ ಹುಡುಕಿಕೊಂಡು ಬಂದವರು ಇದನ್ನು ಕಂಡು ಮುಖ ಸಿಂಡರಿಸುವುದುಂಟು. ಹಾಡುವವರಿಗೆ ಆ ಚಿಂತೆಯಿಲ್ಲ. ಜನರ ಬಾಯಲ್ಲಿ ಇರುವ ಧಾಟಿಗೆ ಹೊಂದಿಸಿದರೆ ಹಿಂದಿನವರು ಬೇಗ ಎತ್ತಿಕೊಳ್ಳುತ್ತಾರೆ ಎಂಬುದೇ ಅವರ ಲೆಕ್ಕ.

ಭಜನಿಯ ನಿಜವಾದ ತೂಕ ನನಗೆ ಗೊತ್ತಾದದ್ದು ಗುಡಿಯಲ್ಲಿ ಅಲ್ಲ, ನಮ್ಮ ಮನೆಯಲ್ಲೇ, ಅಜ್ಜಿ ತೀರಿಕೊಂಡ ರಾತ್ರಿ. ನಮ್ಮ ಕಡೆ ಮಣ್ಣು ಮರುದಿನ ಎಂದಾದರೆ ಹೆಣವನ್ನು ಕೂರಿಸಿ, ವಿಭೂತಿ ಹಚ್ಚಿ, ಹೂಮಾಲೆ ಹಾಕಿ, ಅದರೆದುರು ಬೆಳತನಕ ಭಜನಿ ಹಾಡುತ್ತಾರೆ. ಯಾರೂ ಕರೆಯಬೇಕಾಗಿಲ್ಲ, ಸುದ್ದಿ ಮುಟ್ಟಿದರೆ ಸಾಕು, ಮೇಳದವರು ಬಂದು ಕೂಡುತ್ತಾರೆ. ಮಧ್ಯರಾತ್ರಿ ದಾಟಿರಬೇಕು. ಅಳುವವರು ಅತ್ತು ಸೋತಿದ್ದರು. ಪದವೊಂದರ ನಡುವೆ ಮುಂದಾಳು ಕೈ ಎತ್ತಿ, ಮಾಲೆ ಹಾಕಿಕೊಂಡು ಕೂತಿದ್ದ ಅಜ್ಜಿಯ ಕಡೆಗೇ ತಿರುಗಿ, “ಈ ಆಯಿ ನಮಗ ಭಜನಿಗೆ ಬಂದಾಗೊಮ್ಮೆ ಚಾ ಮಾಡಿ ಕೊಡತಿದ್ಲು. ಸಕ್ಕರಿ ಮಾತ್ರ ಹಾಕತಿದ್ದಿಲ್ಲ. ಕೇಳಿದ್ರ, ನಿಮ್ಮ ಪದದಾಗ ಐತೆಲ್ಲೋ ಅಂತಿದ್ಲು” ಎಂದರು. ಹೆಣದ ಮುಂದೆ ಕೂತಿದ್ದ ಅಷ್ಟೂ ಜನ ನಕ್ಕರು. ಅವ್ವ ನಗುತ್ತ ನಗುತ್ತ ಮತ್ತೆ ಅಳತೊಡಗಿದಳು. ಅಜ್ಜಿಯ ಜಿಪುಣತನ ಊರಿಗೆಲ್ಲ ಗೊತ್ತಿದ್ದ ಸಂಗತಿ. ಅದನ್ನು ಆ ಹೊತ್ತಿನಲ್ಲಿ, ಅವಳೆದುರಿಗೇ, ಪ್ರೀತಿಯಿಂದ ಹೇಳುವ ಧೈರ್ಯ ಹಾಡುವವನಿಗೆ ಮಾತ್ರ ಇತ್ತು.

ಎಲ್ಲ ಮಾತೂ ಮುತ್ತೇ ಎಂದು ನಾನು ಹೇಳಲಾರೆ. ಅರ್ಥ ಹೇಳುತ್ತ ಹೇಳುತ್ತ ಪ್ರವಚನಕ್ಕಿಳಿಯುವವರಿದ್ದಾರೆ. ಎರಡು ಮೇಳಗಳು ಎದುರು ಬದುರು ಕೂತು ಸವಾಲ್–ಜವಾಬ್ ಶುರುವಾದರೆ ತತ್ವ ಮೂಲೆ ಸೇರಿ, ಯಾರ ಬಾಯಿ ಜೋರು ಎಂಬುದೇ ಮುಖ್ಯವಾಗುವುದನ್ನೂ ಕಂಡಿದ್ದೇನೆ. ಅಂಥ ರಾತ್ರಿ ಕಟ್ಟೆಯ ಮೇಲಿನ ನಾಯಿಯೂ ಎದ್ದು ಹೋಗುತ್ತದೆ.

ಪದಗಳು ಉಳಿಯುತ್ತವೋ ಇಲ್ಲವೋ ಎಂಬ ಆತಂಕ ನನಗಿಲ್ಲ. ಅವು ಪುಸ್ತಕದಲ್ಲಿವೆ, ವಿಶ್ವವಿದ್ಯಾಲಯಗಳಲ್ಲಿವೆ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದ ಮೇಲೆ ಈ ಭಾಗದ ಎಷ್ಟೋ ದನಿಗಳು ರೇಡಿಯೊ ಏರಿದವು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂತು, ಸಿ. ಅಶ್ವಥ್ ಅವರ ಸಂಗೀತದಲ್ಲಿ ಶರೀಫರ ಪದಗಳು ಹಳೆ ಮೈಸೂರಿನ ಮನೆಗಳಿಗೂ, ಕಡಲಾಚೆಯ ಕನ್ನಡ ಕೂಟಗಳಿಗೂ ಹೋದವು. ಅದರ ಬಗ್ಗೆ ಕೊಂಕು ನುಡಿಯುವ ಮನಸ್ಸು ನನಗಿಲ್ಲ, ನಾನೂ ಆ ಕ್ಯಾಸೆಟ್ಟನ್ನು ಸವೆಸಿದವನೇ. ಆದರೆ ಕ್ಯಾಸೆಟ್ಟಿನಲ್ಲಿ ಎರಡನೇ ನುಡಿ ಆದ ತಕ್ಷಣ ಮೂರನೇ ನುಡಿ ಬರುತ್ತದೆ. ಕೈ ಎತ್ತಿ ನಿಲ್ಲಿಸುವವರು ಅಲ್ಲಿಲ್ಲ.

ಉತ್ಸವಗಳ ವೇದಿಕೆಯಲ್ಲೂ ಅದೇ ಕಥೆ. ಇದೇ ಹಿರಿಯರ ಮೇಳ ಒಮ್ಮೆ ಜಿಲ್ಲಾ ಮಟ್ಟದ ಕಾರ್ಯಕ್ರಮವೊಂದಕ್ಕೆ ಹೋಗಿತ್ತು. ಬೆಳಿಗ್ಗೆಯಿಂದ ಕಾದು, ಸಂಜೆ ವೇದಿಕೆ ಏರಿದರೆ ಸಿಕ್ಕದ್ದು ಎಂಟು ನಿಮಿಷ. ಹಿರಿಯರು ರೂಢಿಯಂತೆ ಕೈ ಎತ್ತಿದ್ದಾರೆ. ನಿರೂಪಕರು ಓಡಿ ಬಂದು ಕಿವಿಯಲ್ಲಿ, “ಮಾತು ಬೇಡ ಅಜ್ಜಾ, ಬರೇ ಹಾಡ್ರಿ” ಎಂದರಂತೆ. “ಹಾಡಿ ಬಂದ್ವಿ” ಎಂದರು ನನಗೆ, “ಆದ್ರ ಭಜನಿ ಆಗಲಿಲ್ಲ.”

ನಾನು ಮಾಡಿದ್ದೇನೂ ಕಡಿಮೆಯಲ್ಲ. ಮಾಳಿಗೆಯ ಮಾತನ್ನು ಫೋನಿನಲ್ಲಿ ಮುದ್ರಿಸಿಕೊಂಡಿದ್ದೆ. ಹುಬ್ಬಳ್ಳಿಗೆ ಬಂದು ಮನೆಯವರಿಗೆ ಕೇಳಿಸಿದೆ. “ಚೆನ್ನಾಗಿದೆ” ಎಂದರು, ಸಪ್ಪಗೆ. ಹೊರಗಿನ ಜಿಟಿಜಿಟಿ ಮಳೆ, ಟವೆಲ್ಲಿನಿಂದ ಕಣ್ಣೊರೆಸಿಕೊಂಡ ಪಕ್ಕದ ಮನುಷ್ಯ, ಇದ್ಯಾವುದೂ ಫೋನಿಗೆ ಹತ್ತಿರಲಿಲ್ಲ.

ಮೇಳಗಳು ಖಾಲಿಯಾಗಿವೆ ಎಂದೇನಲ್ಲ. ಉದ್ದನೆಯ ಲೆಕ್ಕದ ಪಟ್ಟಿಯಲ್ಲಿ ಬರೆದಿಟ್ಟ ಪದಗಳ ಜಾಗಕ್ಕೆ ಈಗ ಮೊಬೈಲ್ ಬಂದಿದೆ. ಹುಡುಗರು ಅದನ್ನು ನೋಡಿಕೊಂಡೇ ನುಡಿ ಎತ್ತುತ್ತಾರೆ. ಹೆಣ್ಣುಮಕ್ಕಳ ಭಜನಾ ಮಂಡಳಿಗಳು ಊರೂರಲ್ಲಿ ಹುಟ್ಟಿವೆ. ಅಂಥದೊಂದು ಮಂಡಳಿಯಲ್ಲಿ ಬೀಸುವ ಕಲ್ಲಿನ ಪದದ ನಡುವೆ ಒಬ್ಬ ತಾಯಿ ಸಂಘದ ಸಾಲದ ಕಂತಿನ ಮಾತು ತಂದರು: ಮೇಲಿನ ಕಲ್ಲು ಯಾವುದು, ಕೆಳಗಿನದು ಯಾವುದು, ನಡುವೆ ಸಿಕ್ಕ ಕಾಳು ಯಾರು ಎಂದು ಕೇಳಿದರು. ಸಾಲ ವಸೂಲಿಗೆ ಬರುವ ಹುಡುಗನ ತಾಯಿಯೂ ಅಲ್ಲೇ ತಾಳ ಹಿಡಿದು ಕೂತಿದ್ದರು. ಎಲ್ಲರಿಗಿಂತ ಮೊದಲು ನಕ್ಕವರು ಅವರೇ.

ಧಾರವಾಡ, ಗದಗ, ಹಾವೇರಿ ಕಡೆ ನಿಮಗೆ ನೆಂಟರಿದ್ದರೆ ಬರುವ ಅಮಾವಾಸ್ಯೆಗೆ ಅವರೂರಿನ ಗುಡಿಯಲ್ಲಿ ಭಜನಿ ಉಂಟೋ ಎಂದು ಒಂದು ಮಾತು ಕೇಳಿ ನೋಡಿ. ಹತ್ತೂವರೆಯ ಮೇಲೆ ಹೋಗಿ, ಮೈಗೊಂದು ಚಾದರ ಇರಲಿ. ಯಾರಾದರೂ ತಾಳ ಕೈಗೆ ಕೊಟ್ಟರೆ ಹಿಂಜರಿಯಬೇಡಿ, ತಪ್ಪಿದರೂ ಯಾರೂ ಬೈಯುವುದಿಲ್ಲ. ಹೋಗುವಾಗ ಅರ್ಧ ಕಿಲೋ ಸಕ್ಕರೆ, ಒಂದು ಪೊಟ್ಟಣ ಚಹಾಪುಡಿ ಒಯ್ಯಿರಿ. ಹಾಲು ಅವರಲ್ಲಿ ಇರುತ್ತದೆ.