ಒಂದೇ ಕೊಟ್ಟಿಗೆ: ಹಸು ಗಟ್ಟಿ, ಕರು ಏಕೆ ಸೊರಗುತ್ತದೆ?



ಒಂದೇ ಕೊಟ್ಟಿಗೆ, ಒಂದೇ ಹುಲ್ಲು. ತಾಯಿ ಹಸು ಮೈತುಂಬಿಕೊಂಡು ಹಾಲು ಕೊಡುತ್ತಿರುತ್ತದೆ. ಕರು ಮಾತ್ರ ಹೊಟ್ಟೆ ಉಬ್ಬಿ, ಕೂದಲು ಒರಟಾಗಿ, ಪದೇ ಪದೇ ಭೇದಿಯಾಗಿ ಸೊರಗುತ್ತದೆ. ಜಂತುಹುಳುವಿನ ಮರಿಗಳು ಎರಡರ ಹೊಟ್ಟೆಗೂ ಹೋಗುತ್ತವೆ. ವ್ಯತ್ಯಾಸವಿರುವುದು ದೇಹದ ಕಾವಲುಗಾರರಾದ ಬಿಳಿ ರಕ್ತಕಣಗಳ ಅನುಭವದಲ್ಲಿ.

ಸಣ್ಣ ರೋಗಾಣುವನ್ನು ಬಿಳಿ ರಕ್ತಕಣ ನುಂಗಿ ಕೊಲ್ಲುತ್ತದೆ. ಜಂತುಹುಳು ಬಲು ದೊಡ್ಡದು, ನುಂಗಲಾಗದು. ಆದ್ದರಿಂದ ಇಯೊಸಿನೊಫಿಲ್ ಎಂಬ ಕಣಗಳು ಹುಳುವಿನ ಮರಿಯನ್ನು ಮುತ್ತಿಕೊಂಡು ಅದರ ಮೇಲೆ ವಿಷಕಾರಿ ಪದಾರ್ಥ ಸುರಿಯುತ್ತವೆ. ಕರುಳಿನ ಗೋಡೆಯಲ್ಲಿರುವ ಮಾಸ್ಟ್ ಕಣಗಳು ಹಿಸ್ಟಮಿನ್ ಬಿಡುತ್ತವೆ. ಆಗ ಕರುಳಿನಲ್ಲಿ ನೀರು ಒಸರಿ, ಲೋಳೆ ಹೆಚ್ಚಿ, ಹುಳು ಹಿಡಿತ ತಪ್ಪಿ ಸಗಣಿಯೊಂದಿಗೆ ಹೊರಬೀಳುತ್ತದೆ. ಈ ಪಡೆಯನ್ನು ನಡೆಸುವುದು ಟಿ ಕಣಗಳು. ಒಮ್ಮೆ ಎದುರಿಸಿದ ಹುಳುವನ್ನು ಅವು ನೆನಪಿಟ್ಟುಕೊಳ್ಳುತ್ತವೆ.

ಈ ನೆನಪು ಹುಟ್ಟಿನಿಂದ ಬರುವುದಿಲ್ಲ. ತಿಂಗಳುಗಟ್ಟಲೆ ಮೇದ ಮೇಲೆ ನಿಧಾನವಾಗಿ ಬೆಳೆಯುತ್ತದೆ. ಗಿಣ್ಣು ಹಾಲು ಕರುವನ್ನು ಅನೇಕ ರೋಗಾಣುಗಳಿಂದ ಕಾಪಾಡುತ್ತದೆ, ಆದರೆ ಜಂತುಹುಳುವಿಗೆ ಅದೊಂದೇ ಸಾಲದು. ಎಮ್ಮೆ ಕರುಗಳಿಗಂತೂ ದೊಡ್ಡ ದುಂಡುಹುಳುವಿನ ಮರಿ ತಾಯಿಯ ಹಾಲಿನಿಂದಲೇ ಬರುತ್ತದೆ. ಹಾಗೆಂದು ಗಿಣ್ಣು ಹಾಲು ನಿಲ್ಲಿಸಬೇಡಿ, ಔಷಧಿ ಕೊಡಿಸಿ.

ನೀವು ಗಮನಿಸಬೇಕಾದ್ದು:

• ಕರು ಹುಟ್ಟಿದ 10ರಿಂದ 15 ದಿನದೊಳಗೆ ಮೊದಲ ಜಂತುನಾಶಕ, ನಂತರ 6 ತಿಂಗಳವರೆಗೆ ಪಶುವೈದ್ಯರು ಹೇಳಿದಂತೆ ಕೊಡಿಸಿ.
• ತೂಕಕ್ಕೆ ತಕ್ಕ ಪೂರ್ತಿ ಪ್ರಮಾಣ ಕೊಡಿ. ಅರ್ಧ ಔಷಧಿ ಕೊಟ್ಟರೆ ಬಲವಾದ ಹುಳುಗಳು ಉಳಿದು, ಮುಂದೆ ಆ ಔಷಧಿಗೇ ಬಗ್ಗುವುದಿಲ್ಲ.
• ದೊಡ್ಡ ರಾಸುಗಳಿಗೆ ಸಗಣಿ ಪರೀಕ್ಷೆ ಮಾಡಿಸಿ, ಅಗತ್ಯವಿದ್ದರೆ ಮಾತ್ರ ಔಷಧಿ ಕೊಡಿ. ಯಕೃತ್ತಿನ ಚಪ್ಪಟೆ ಹುಳು ದೊಡ್ಡ ರಾಸನ್ನೂ ಕಾಡುತ್ತದೆ. ಬಸವನಹುಳುವಿರುವ ಕೆರೆಯಂಚು, ಗದ್ದೆ ಬಯಲಲ್ಲಿ ಮೇಯಿಸುವವರು ಎಚ್ಚರ ವಹಿಸಿ.
• ರಕ್ತಕಣಗಳು ತಯಾರಾಗಲು ಸಸಾರಜನಕ ಬೇಕು. ಕರುವಿಗೆ ಪಶು ಆಹಾರ, ಹಸಿರು ಮೇವು, ಖನಿಜ ಮಿಶ್ರಣ ತಪ್ಪಿಸಬೇಡಿ. ಹೊಟ್ಟೆಗಿಲ್ಲದ ಕರುವಿನ ಕಾವಲು ಪಡೆಯೂ ಸೊರಗುತ್ತದೆ.
• ಕರುಗಳನ್ನು ದೊಡ್ಡ ರಾಸುಗಳಿಂದ ಬೇರೆ ಕಟ್ಟಿ, ಸಗಣಿಯನ್ನು ದಿನವೂ ತೆಗೆಯಿರಿ.
• ಹಾಲು ಕೊಡುವ ರಾಸಿಗೆ ಔಷಧಿ ಕೊಟ್ಟಾಗ, ಎಷ್ಟು ದಿನ ಹಾಲನ್ನು ಸಂಘಕ್ಕೆ ಹಾಕಬಾರದೆಂದು ವೈದ್ಯರನ್ನು ಕೇಳಿ.

ಇಂದಿನ ಹೆಣ್ಣು ಕರುವೇ ನಾಳೆಯ ಹಸು. ಅದರ ಮೈಯೊಳಗಿನ ಪಡೆ ಪಳಗುವವರೆಗೆ ಕಾಯುವ ಕೆಲಸ ನಿಮ್ಮದು.